ಪಂಪಿನ ಸ್ಟಾರ್ಟರ್ ಮೇಲಿಂದ ಮೇಲೆ ಟ್ರಿಪ್ ಆಗುವದೇಕೆ?

ಬಾವಿಯಲ್ಲಿ ನೀರಿದೆ, ತಂತಿಯಲ್ಲಿ ಕರೆಂಟು ಇದೆ. ಆದರೂ ದಾಳಿಂಬೆಯ ಗಿಡಕ್ಕೆ ನೀರು ಮುಟ್ಟುವದಿಲ್ಲ. ಸ್ಟಾರ್ಟರ್ ಮೇಲಿಂದ ಮೇಲೆ ಟ್ರಿಪ್ ಆಗುತ್ತಿರುತ್ತದೆ. ಅಕ್ಕಲಕೋಟೆ, ಜತ್ತ ಸೀಮೆಯ ಒಕ್ಕಲಿಗರಿಗೆ ಇದು ಹೊಸ ತೊಂದರೆಯಲ್ಲ. ಕರೆಂಟು ಇರುವ ತಾಸುಗಳಲ್ಲಿಯೇ ನೀರು ಹಾಯಿಸಿ ಮುಗಿಸಬೇಕೆಂಬ ಅವಸರದಲ್ಲಿ ಕೆಲವರು ರಿಲೇಯ ಆಂಪಿಯರ್ ಮುಳ್ಳನ್ನು ಕೊನೆಯವರೆಗೆ ತಿರುವಿಬಿಡುತ್ತಾರೆ. ಇನ್ನು ಕೆಲವರು ಒಳಗೆ ಕಡ್ಡಿ ಸಿಗಿಸಿ ಪಂಪು ನಡೆಸುತ್ತಾರೆ. ಅಂದಿನ ನೀರೇನೋ ಹರಿಯುವದು. ಆದರೆ ಮೋಟರು ಸುಟ್ಟ ದಿನ ಪೈಪು ಎತ್ತುವ ಕೂಲಿ, ರಿವೈಂಡಿಂಗಿನ ಖರ್ಚು, ಒಣಗಿದ ಪೀಕು ಮೂರೂ ಒಟ್ಟಿಗೆ ಮೈಮೇಲೆ ಬರುವವು. ಟ್ರಿಪ್ ಆಗುವದು ರೋಗವಲ್ಲ, ರೋಗದ ಸೂಚನೆ. ಸೂಚನೆ ಕೊಟ್ಟವನ ಬಾಯಿ ಕಟ್ಟುವ ಬದಲು ಅವನು ಹೇಳುವದೇನೆಂಬುದನ್ನು ತಿಳಿಯುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಸ್ಟಾರ್ಟರಿನ ಒಳಗೆ

ಸ್ಟಾರ್ಟರಿನಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಕಾಯಿಲ್. ಹಸಿರು ಗುಂಡಿ ಒತ್ತಿದಾಗ ಇದು ಅಯಸ್ಕಾಂತವಾಗಿ ಕಾಂಟ್ಯಾಕ್ಟುಗಳನ್ನು ಎಳೆದು ಹಿಡಿಯುವದು. ಮೂರೂ ಫೇಸು ಮೋಟರಿಗೆ ಹರಿಯುವವು. ಕರೆಂಟು ಹೋದರೆ ಹಿಡಿತ ಬಿಡುವದು. ಎರಡನೆಯದು ಓವರ್‌ಲೋಡ್ ರಿಲೇ. ಇದರಲ್ಲಿ ಎರಡು ಬಗೆಯ ಲೋಹಗಳನ್ನು ಬೆಸೆದ ಪಟ್ಟಿಗಳಿರುತ್ತವೆ. ಕರೆಂಟು ಹೆಚ್ಚಾದರೆ ಪಟ್ಟಿ ಕಾಯ್ದು ಬಾಗಿ, ಕಾಯಿಲಿನ ದಾರಿಯನ್ನು ಕಡಿಯುವದು. ನೇರವಾಗಿ ಚಾಲೂ ಮಾಡುವ ಮೋಟರು ಶುರುವಿನಲ್ಲಿ ಆರೇಳು ಪಟ್ಟು ಕರೆಂಟು ಎಳೆಯುವದು. ಕೆಲವು ಸೆಕೆಂಡುಗಳ ಆ ಎಳೆತವನ್ನು ಪಟ್ಟಿ ತಾಳಿಕೊಳ್ಳುತ್ತದೆ. ಅದಕ್ಕೂ ಮಿಕ್ಕಿದ್ದನ್ನು ತಾಳುವದಿಲ್ಲ. ಟ್ರಿಪ್ ಆದ ಮೇಲೆ ಪಟ್ಟಿ ಆರಲು ಕೆಲವು ನಿಮಿಷ ಬೇಕು. ತಕ್ಷಣ ರಿಸೆಟ್ ಒತ್ತಿದರೆ ಅದು ಕೂಡದಿರುವದು ಸಹಜ.

ಮೊದಲು ಜೀವ, ಆಮೇಲೆ ಪಂಪು

ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು ಕಿಸೆಯಲ್ಲಿಟ್ಟುಕೊಳ್ಳತಕ್ಕದ್ದು. ಆಟೋ ಸ್ಟಾರ್ಟರ್ ಇದ್ದಲ್ಲಿ ಆಟೋ ತೆಗೆಯತಕ್ಕದ್ದು. ಹೋದ ಕರೆಂಟು ಮರಳಿ ಬಂದರೆ ಮೋಟರು ತಾನಾಗಿ ಚಾಲೂ ಆಗುವದು. ಹಸಿ ಕೈ, ಹಸಿ ನೆಲ ಸಲ್ಲದು. ಮೋಟರಿಗೂ ಪೆಟ್ಟಿಗೆಗೂ ಅರ್ಥಿಂಗ್ ಇಲ್ಲದಿದ್ದರೆ ಬೇರೆಲ್ಲ ದುರಸ್ತಿಗಿಂತ ಮೊದಲು ಅದನ್ನು ಮಾಡಿಸಿರಿ. ಕರೆಂಟು ಇರುವಾಗ ಅಳೆಯುವ ಕೆಲಸ ಬಲ್ಲ ಇಲೆಕ್ಟ್ರಿಶಿಯನ್ನನದು. ಡಿ.ಪಿ.ಯ ಫ್ಯೂಸನ್ನಂತೂ ಲೈನ್‌ಮನ್ ಹೊರತು ಯಾರೂ ಮುಟ್ಟಬಾರದು.

ಲಕ್ಷಣ ನೋಡಿ ದೋಷ ತಿಳಿಯುವದು

1. ಗುಂಡಿ ಒತ್ತಿದರೂ ಸದ್ದಿಲ್ಲ: ಫ್ಯೂಸು ಹೋಗಿರಬಹುದು, ರಿಲೇ ರಿಸೆಟ್ ಆಗಿರಲಿಕ್ಕಿಲ್ಲ, ಕೆಂಪು ಗುಂಡಿ ಒಳಗೇ ಸಿಕ್ಕಿರಬಹುದು. ಇವೆಲ್ಲ ಸರಿಯಿದ್ದರೆ ಕಾಯಿಲ್ ಸುಟ್ಟಿದೆಯೇ ಎಂದು ನೋಡತಕ್ಕದ್ದು.

2. ಒತ್ತಿರುವವರೆಗೆ ನಡೆದು, ಕೈ ಬಿಟ್ಟ ಕೂಡಲೇ ನಿಲ್ಲುವದು: ಕಾಯಿಲಿಗೆ ಕರೆಂಟು ಮುಂದುವರಿಸುವ ಚಿಕ್ಕ ಕಾಂಟ್ಯಾಕ್ಟು ಹೊಲಸಾಗಿದೆ, ಇಲ್ಲವೆ ಅದರ ತಂತಿ ಸಡಿಲಾಗಿದೆ.

3. ಗರಗರ ಸದ್ದು: ವೋಲ್ಟೇಜು ಕಡಿಮೆ, ಅಥವಾ ಅಯಸ್ಕಾಂತದ ಮುಖಕ್ಕೆ ಧೂಳು, ಇರುವೆ ಸೇರಿವೆ. ಹಾಗೆಯೇ ನಡೆಸಿದರೆ ಕಾಂಟ್ಯಾಕ್ಟುಗಳು ಕಿಡಿ ಹಾರಿ ಸುಡುವವು.

4. ಮೋಟರು ಗುಂಯ್‌ಗುಟ್ಟುವದು, ತಿರುಗುವದಿಲ್ಲ: ಬಹುಶಃ ಒಂದು ಫೇಸು ಇಲ್ಲ, ಇಲ್ಲವೆ ಪಂಪು ಕಚ್ಚಿಕೊಂಡಿದೆ. ಆ ಕ್ಷಣವೇ ನಿಲ್ಲಿಸಿರಿ.

5. ಮೋಟರು ತಿರುಗಿದರೂ ನೀರು ತೀರ ಕಡಿಮೆ: ಲೈನ್ ದುರಸ್ತಿಯ ಅಥವಾ ಡಿ.ಪಿ. ಬದಲಾವಣೆಯ ನಂತರ ಹೀಗಾದರೆ ಮೋಟರು ಉಲ್ಟಾ ತಿರುಗುತ್ತಿರಬಹುದು. ಯಾವುದಾದರೂ ಎರಡು ಫೇಸಿನ ತಂತಿಗಳನ್ನು ಅದಲು ಬದಲು ಮಾಡಿದರೆ ಸರಿಯಾಗುವದು.

ಚೆನ್ನಾಗಿ ನಡೆದು ಸ್ವಲ್ಪ ಹೊತ್ತಿಗೆ ಟ್ರಿಪ್ ಆದರೆ

ಇದೇ ಎಲ್ಲರನ್ನೂ ಕಾಡುವ ದೋಷ. ಇಲ್ಲಿ ಊಹೆ ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಬಹಳ ಜನ ಮೋಟರಿನ ತಪ್ಪಿಗೆ ಸ್ಟಾರ್ಟರ್ ಬದಲಿಸುತ್ತಾರೆ. ಪಂಪು ನಡೆಯುತ್ತಿರುವಾಗ ಕ್ಲಾಂಪ್ ಮೀಟರಿನಿಂದ ಮೂರೂ ತಂತಿಗಳ ಆಂಪಿಯರ್ ಅಳೆಯಿಸಿ, ಮೋಟರಿನ ಫಲಕದ ಮೇಲಿನ ಅಂಕಿಯೊಡನೆ ಹೋಲಿಸಿರಿ.

ಮೂರೂ ಸಮವಾಗಿ ಹೆಚ್ಚಿದ್ದರೆ: ಒಂದೋ ವೋಲ್ಟೇಜು ಇಳಿದಿದೆ, ಇಲ್ಲವೆ ಪಂಪಿಗೆ ಭಾರ ಹೆಚ್ಚಿದೆ. ಎರಡು ಫೇಸುಗಳ ನಡುವೆ 415 ವೋಲ್ಟು ಇರಬೇಕಾದುದು. ಅದು 350ಕ್ಕಿಂತ ಕೆಳಗಿದ್ದರೆ ನಡೆಸದಿರುವದೇ ಲೇಸು. ವೋಲ್ಟೇಜು ಸರಿಯಿದ್ದರೆ ಬೇರಿಂಗು, ಮರಳು ಸೇರಿದ ಪಂಪು ನೋಡತಕ್ಕದ್ದು. ತೆರೆದ ಬಾವಿಯ ಮೋನೋಬ್ಲಾಕ್ ಪಂಪಿನವರು ಇನ್ನೊಂದು ಮಾತು ನೆನಪಿಡಬೇಕು. ಮಳೆಗಾಲದಲ್ಲಿ ಬಾವಿ ತುಂಬಿ ನೀರು ಮೇಲೆ ಬಂದಾಗ, ಅಥವಾ ಪೈಪು ಒಡೆದಾಗ, ಪಂಪು ಹೆಚ್ಚು ನೀರು ಎಸೆಯುವದು. ಆಗ ಮೋಟರಿನ ಹೊರೆಯೂ ಹೆಚ್ಚುವದು. ಒಡೆದ ಪೈಪನ್ನು ಕೂಡಿಸಿರಿ. ಬಾವಿ ತುಂಬಿದ್ದರೆ ಡೆಲಿವರಿ ವಾಲ್ವನ್ನು ತುಸು ಮುಚ್ಚಿರಿ, ಆಂಪಿಯರ್ ಇಳಿಯುವದು.

ಒಂದು ಸೊನ್ನೆ, ಎರಡು ಹೆಚ್ಚು ಇದ್ದರೆ: ಫೇಸು ಹೋಗಿದೆ. ನಿಂತ ಮೋಟರು ಎರಡು ಫೇಸಿನ ಮೇಲೆ ಏಳುವದಿಲ್ಲ. ಆದರೆ ತಿರುಗುತ್ತಿರುವ ಮೋಟರು ತಿರುಗುತ್ತಲೇ ಇರುವದು. ಉಳಿದ ಎರಡು ತಂತಿಗಳು ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟು ಹೊರುವವು. ರಿಲೇಗೆ ಕಡ್ಡಿ ಸಿಗಿಸಿದವರ ಮೋಟರು ಸುಡುವದು ಹೀಗೆಯೇ.

ಮೂರೂ ಬೇರೆ ಬೇರೆ ಇದ್ದರೆ: ಕರೆಂಟು ಕಡಿದು, ಮೋಟರಿಗೆ ಹೋಗುವ ಮೂರೂ ತಂತಿಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿ ಜೋಡಿಸಿರಿ. ಮೂರನ್ನೂ ಸರಿಸುವದರಿಂದ ತಿರುಗುವ ದಿಕ್ಕು ಬದಲಾಗುವದಿಲ್ಲ. ಮತ್ತೆ ಅಳೆದಾಗ ಹೆಚ್ಚಿನ ಅಂಕಿ ಮೋಟರಿನ ಅದೇ ತಂತಿಯೊಡನೆ ಸರಿದರೆ ದೋಷ ಮೋಟರಿನದು ಅಥವಾ ಕೇಬಲಿನದು. ಸರಿಯದೆ ಹಳೆಯ ಫೇಸಿನಲ್ಲಿಯೇ ಉಳಿದರೆ ದೋಷ ಲೈನಿನದು. ಮೋಟರು ಎತ್ತುವ ಕೂಲಿ ಉಳಿಯುವದು ಈ ಒಂದು ಪರೀಕ್ಷೆಯಿಂದ.

ಮೂರೂ ಸರಿಯಿದ್ದೂ ಟ್ರಿಪ್ ಆದರೆ: ರಿಲೇಯ ಬಳಿಯ ಸ್ಕ್ರೂ ಸಡಿಲಾಗಿ ಕಾಯುತ್ತಿರಬಹುದು, ಅಥವಾ ರಿಲೇಯ ಅಂಕಿ ತಪ್ಪಿರಬಹುದು. ನೇರ ಸ್ಟಾರ್ಟರಿನಲ್ಲಿ ಮುಳ್ಳನ್ನು ಫಲಕದ ಆಂಪಿಯರಿಗೆ ಇಡತಕ್ಕದ್ದು. ಸ್ಟಾರ್-ಡೆಲ್ಟಾದಲ್ಲಿ ಸಾಮಾನ್ಯವಾಗಿ ರಿಲೇ ಇರುವದು ಮೋಟರಿನ ಸುತ್ತಿಗೆ ಹೋಗುವ ದಾರಿಯಲ್ಲಿ. ಅಲ್ಲಿ ಫಲಕದ ಅಂಕಿಯ 0.58 ಪಾಲು ಸಾಕು. ಫಲಕದಲ್ಲಿ 14 ಇದ್ದರೆ ರಿಲೇಯಲ್ಲಿ ಸುಮಾರು 8. ಇದನ್ನರಿಯದೆ 14ಕ್ಕೇ ಇಟ್ಟವರ ರಿಲೇ ಇದ್ದೂ ಇಲ್ಲದಂತೆ.

ರಿಲೇಗೆ ಕಾಣದ ದೋಷ

ಕೊಳವೆ ಬಾವಿಯ ನೀರು ತೀರಿ ಪಂಪು ಒಣಗಿ ನಡೆದರೆ ಕರೆಂಟು ಹೆಚ್ಚುವದಿಲ್ಲ, ಇಳಿಯುವದು. ಆದುದರಿಂದ ರಿಲೇ ಸುಮ್ಮನಿರುತ್ತದೆ, ಪಂಪು ಕೆಡುತ್ತದೆ. ಇದಕ್ಕೆ ಡ್ರೈ-ರನ್ ತಡೆಯುವ ಉಪಕರಣವೇ ಬೇಕು. ಅದರಂತೆ ಫೇಸು ಹೋದಾಗ ತಡಮಾಡದೆ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರನ್ನೂ ಹಾಕಿಸುವದು ಒಳ್ಳೆಯದು.

ಪಂಪು ಚೆನ್ನಾಗಿ ನಡೆಯುತ್ತಿರುವ ದಿನವೇ ಮೂರು ಫೇಸಿನ ಆಂಪಿಯರನ್ನೂ ವೋಲ್ಟೇಜನ್ನೂ ಅಳೆಯಿಸಿ, ಪೆಟ್ಟಿಗೆಯ ಬಾಗಿಲ ಒಳಬದಿಗೆ ತಾರೀಖು ಸಹಿತ ಬರೆದಿಡಿರಿ. ಕೆಟ್ಟ ದಿನ ಬಂದ ದುರಸ್ತಿಗಾರನಿಗೆ ಅದಕ್ಕಿಂತ ಉತ್ತಮ ಸಾಕ್ಷಿ ಬೇರಿಲ್ಲ.