ಬಸ್ಸಿಗೆ ಜ್ವರ ಬಂದಾಗ

ಬೆಟ್ಟದ ದಾರಿಯ ತಿರುವಿನಲ್ಲಿ ಬಸ್ಸೊಂದು ನಿಂತಿದೆ. ಅದರ ಮುಂಭಾಗದಿಂದ ಬಿಳಿಯ ಹಬೆ ಬುಸುಗುಟ್ಟುತ್ತಿದೆ. ಚಾಲಕನು ಬಿಂದಿಗೆ ಹಿಡಿದು ನೀರನ್ನರಸಿ ಹೊರಟಿದ್ದಾನೆ. ಈ ದೃಶ್ಯವನ್ನು ಕಾಣದವರು ನಮ್ಮಲ್ಲಿ ವಿರಳ. "ಎಂಜಿನು ಕಾದಿದೆ" ಎಂದು ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಕಾದುದೇಕೆ? ಜ್ವರವೆಂಬುದು ರೋಗವಲ್ಲ, ರೋಗದ ಲಕ್ಷಣ. ಎಂಜಿನಿನ ಅತಿಯಾದ ಕಾವೂ ಹಾಗೆಯೇ. ಲಕ್ಷಣದಿಂದ ಕಾರಣವನ್ನು ಕಂಡುಹಿಡಿಯುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಹಳೆಯ ಬಸ್ಸುಗಳಿಗೆ ಒಮ್ಮೊಮ್ಮೆ ಎರಡನೆಯ ಜನ್ಮ ದೊರೆಯುವುದುಂಟು. 2020ರಲ್ಲಿ ಕೊರೋನಾ ವ್ಯಾಧಿ ಹರಡಿದಾಗ ನಮ್ಮ ರಾಜ್ಯದ ರಸ್ತೆ ಸಾರಿಗೆ ಸಂಸ್ಥೆಯು ಕೆಲವು ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯಗಳನ್ನಾಗಿ ಮಾರ್ಪಡಿಸಿತು. ಜ್ವರ ನೋಡುವ ಬಸ್ಸಿಗೇ ಜ್ವರ ಬಂದರೆ ಗತಿಯೇನು? ಮೈಸೂರಿನ ಉದಯಗಿರಿಯಲ್ಲಿ ಇಂಥದೊಂದು ಹಳೆಯ ಬಸ್ಸಿದೆಯೆಂದು ಭಾವಿಸೋಣ. ಆಸನಗಳನ್ನು ಕಿತ್ತು, ಕಪಾಟುಗಳನ್ನು ಜೋಡಿಸಿ, ಅದನ್ನು ಮಕ್ಕಳ ಸಂಚಾರಿ ಗ್ರಂಥಾಲಯವನ್ನಾಗಿ ಮಾಡಿದ್ದಾರೆ. ಊರೊಳಗೆ ಅದು ಸುಗಮವಾಗಿ ಓಡಾಡುತ್ತದೆ. ಚಾಮುಂಡಿ ಬೆಟ್ಟವನ್ನು ಏರತೊಡಗಿದರೆ ಮಾತ್ರ ಅರ್ಧ ದಾರಿಯಲ್ಲೇ ಉಷ್ಣತಾಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟುತ್ತದೆ.

ಮೊದಲು ಶಾಖದ ಜಮಾ-ಖರ್ಚನ್ನು ನೋಡೋಣ. ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ, ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವೇ ಎಣ್ಣೆಯನ್ನು ಉರಿಸುತ್ತದೆ. ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುವುದುಂಟು. ಎರಕದ ಕಬ್ಬಿಣವಾದರೋ 1200 ಡಿಗ್ರಿಯ ಸುಮಾರಿನಲ್ಲೇ ಕರಗುತ್ತದೆ! ಎಣ್ಣೆಯಿಂದ ಹುಟ್ಟಿದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಚಕ್ರಗಳ ಕಡೆಗೆ ಹೋಗುತ್ತದೆ. ಮತ್ತೊಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ನೀರು ಹೊತ್ತೊಯ್ಯಬೇಕು.

ಒಂದು ಚಿಕ್ಕ ಲೆಕ್ಕ. ನಮ್ಮ ಬಸ್ಸಿನ ಒಟ್ಟು ತೂಕ 12 ಟನ್ನು, ನಗರದಿಂದ ಬೆಟ್ಟದ ಎತ್ತರ ಸುಮಾರು 300 ಮೀಟರು ಎಂದಿಟ್ಟುಕೊಳ್ಳಿ. ಇಷ್ಟು ಭಾರವನ್ನು ಇಷ್ಟು ಮೇಲಕ್ಕೆತ್ತಲು ಬೇಕಾದ ಶಕ್ತಿ ಸುಮಾರು 35 ಮೆಗಾಜೂಲು. ಒಂದು ಲೀಟರು ಡೀಸೆಲ್ ಉರಿದಾಗ ದೊರಕುವ ಶಾಖವೂ ಹೆಚ್ಚುಕಡಮೆ ಇಷ್ಟೇ! ಆದರೆ ಚಕ್ರಗಳಿಗೆ ಸಲ್ಲುವುದು ಮೂರರಲ್ಲೊಂದು ಪಾಲಾದುದರಿಂದ, ಘರ್ಷಣೆಯನ್ನು ಬಿಟ್ಟರೂ ಮೂರು ಲೀಟರು ಉರಿಯಬೇಕು. ಅದರಲ್ಲಿ ಒಂದು ಲೀಟರಿನಷ್ಟು ಶಾಖವನ್ನು ನೀರು ಹೊರಹಾಕಬೇಕು. ಏರಲು 20 ನಿಮಿಷ ಹಿಡಿದರೆ ಇದು ಸ್ನಾನದ ನೀರು ಕಾಯಿಸುವ ಒಂದು ಕಿಲೋವಾಟಿನ ಮೂವತ್ತು ಕಡ್ಡಿಗಳನ್ನು ಒಟ್ಟಿಗೆ ಉರಿಸಿದುದಕ್ಕೆ ಸಮ.

ಈ ಕಾರ್ಯ ನಡೆಯುವುದು ಹೀಗೆ: ಪಂಪು ನೀರನ್ನು ಸಿಲಿಂಡರುಗಳ ಸುತ್ತ ಹಾಯಿಸಿ, ಮೇಲಿನ ರಬ್ಬರ್ ಕೊಳವೆಯ ಮೂಲಕ ರೇಡಿಯೇಟರಿಗೆ ಕಳುಹಿಸುತ್ತದೆ. ಅಲ್ಲಿ ನೀರು ಸಣ್ಣ ನಳಿಕೆಗಳಲ್ಲಿ ಇಳಿಯುವಾಗ, ಫ್ಯಾನು ಸೆಳೆದ ಗಾಳಿ ಶಾಖವನ್ನು ಕಸಿದುಕೊಳ್ಳುತ್ತದೆ. ತಣಿದ ನೀರು ಕೆಳಗಿನ ಕೊಳವೆಯಿಂದ ಎಂಜಿನಿಗೆ ಮರಳುತ್ತದೆ. ನಮ್ಮ ಲೆಕ್ಕದಂತೆ, ಸೆಕೆಂಡಿಗೆ ಒಂದು ಲೀಟರು ನೀರು ಹರಿದು, ಪ್ರತಿ ಲೀಟರೂ 7 ಡಿಗ್ರಿ ತಣಿದರೆ ಜಮಾ-ಖರ್ಚು ಸರಿಹೋಗುತ್ತದೆ. ಇವುಗಳಲ್ಲಿ ಒಂದು ಕುಗ್ಗಿದರೂ ಮುಳ್ಳು ಮೇಲೇರುವುದು.

ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಕಾದಿದೆ?" ಎಂಬುದಲ್ಲ, "ಯಾವಾಗ ಕಾಯುತ್ತದೆ?" ಎಂಬುದು. ನಿಂತಾಗ ಕಾದು, ಓಡುವಾಗ ತಣಿದರೆ ಗಾಳಿಯ ಕೊರತೆಯಿದೆ. ಫ್ಯಾನಿನ ಬೆಲ್ಟು ಸಡಿಲವಾಗಿರಬಹುದು. ಎಂಜಿನು ಕಾದಿದ್ದರೂ ಮೇಲಿನ ಕೊಳವೆ ತಣ್ಣಗಿದ್ದರೆ, ನೀರಿನ ದಾರಿಯನ್ನು ತೆರೆಯಬೇಕಾದ ಥರ್ಮೋಸ್ಟಾಟು ಮುಚ್ಚಿಕೊಂಡೇ ಉಳಿದಿರಬಹುದು. ಹೊರಗೆ ಸೋರದೆ ನೀರು ಕಡಮೆಯಾಗುತ್ತ, ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಒಡೆದಿರುವ ಶಂಕೆ ಬಲವಾಗುತ್ತದೆ. ಭಾರ ಹೊತ್ತು ಏರುವಾಗ ಮಾತ್ರ ಕಾದರೆ, ತಣಿಸುವ ವ್ಯವಸ್ಥೆಯ ಒಟ್ಟು ಸಾಮರ್ಥ್ಯ ಕುಂದಿದೆಯೆಂದು ಊಹಿಸಬೇಕು.

ನಮ್ಮ ಉದಯಗಿರಿಯ ಬಸ್ಸಿನದು ಈ ಕೊನೆಯ ಬಗೆಯದು. "ಪುಸ್ತಕಗಳ ಭಾರವೇ ಕಾರಣ" ಎಂದು ಯಾರಾದರೂ ಹೇಳಬಹುದು. ಲೆಕ್ಕ ಹಾಕೋಣ. ಪುಸ್ತಕವೊಂದಕ್ಕೆ 300 ಗ್ರಾಮಿನಂತೆ 5000 ಪುಸ್ತಕಗಳ ತೂಕ ಒಂದೂವರೆ ಟನ್ನು. ಹಿಂದೆ ಅದೇ ಬಸ್ಸು ತಲಾ 60 ಕಿಲೋಗ್ರಾಮಿನ 50 ಪ್ರಯಾಣಿಕರನ್ನು, ಎಂದರೆ 3 ಟನ್ನನ್ನು ಹೊರುತ್ತಿತ್ತು! ಕಪಾಟುಗಳನ್ನು ಸೇರಿಸಿದರೂ ಭಾರದ ಮೇಲೆ ತಪ್ಪು ಹೊರಿಸಲು ಆಧಾರವಿಲ್ಲ.

ಇನ್ನು ಪರೀಕ್ಷೆ. ಸುಲಭವಾದುದನ್ನು ಮೊದಲು, ದುಬಾರಿಯಾದುದನ್ನು ಕೊನೆಗೆ ಮಾಡುವುದು ಜಾಣತನ. ಮುಳ್ಳು ನಿಜ ಹೇಳುತ್ತಿದೆಯೇ? ಹಣೆಯ ಜ್ವರವನ್ನು ದೂರದಿಂದಲೇ ಅಳೆಯುವ ಉಪಕರಣದ ತತ್ತ್ವವನ್ನೇ ಅನುಸರಿಸಿ, ಇನ್ನೂ ಹೆಚ್ಚಿನ ಉಷ್ಣತೆಯನ್ನು ಅಳೆಯುವ ಸಾಧನಗಳಿವೆ. ಅದರಿಂದ ಮುಳ್ಳನ್ನು ಒರೆಗೆ ಹಚ್ಚಬಹುದು. ಮುಳ್ಳು ಸತ್ಯವಾದಿಯೆಂದು ತಿಳಿದ ಬಳಿಕ, ತಂತಿಯ ತುದಿಯ ಉಷ್ಣತಾಮಾಪಕಗಳನ್ನು ಮೇಲಿನ ಕೊಳವೆಗೂ ಕೆಳಗಿನ ಕೊಳವೆಗೂ ಒಂದೊಂದರಂತೆ ಕಟ್ಟಿ ಬೆಟ್ಟವನ್ನೇರಬೇಕು. ಎರಡರ ನಡುವಣ ವ್ಯತ್ಯಾಸ 7 ಡಿಗ್ರಿಯ ಬದಲು 15 ಡಿಗ್ರಿಯಾದರೆ, ನೀರು ಬಹು ನಿಧಾನವಾಗಿ ಹರಿಯುತ್ತಿದೆ; ಪಂಪನ್ನೂ, ಕಟ್ಟಿಕೊಂಡ ನಳಿಕೆಗಳನ್ನೂ, ಹೀರುವಿಕೆಗೆ ಚಪ್ಪಟೆಯಾಗುವ ಕೆಳಗಿನ ಕೊಳವೆಯನ್ನೂ ನೋಡಬೇಕು. ಬದಲಾಗಿ ವ್ಯತ್ಯಾಸ 4 ಡಿಗ್ರಿಯಷ್ಟೇ ಇದ್ದು, ಮುಳ್ಳು ಏರುತ್ತಲೇ ಇದ್ದರೆ, ನೀರು ಹರಿಯುತ್ತಿದೆ, ಆದರೆ ಶಾಖವನ್ನು ಗಾಳಿಗೆ ಒಪ್ಪಿಸುತ್ತಿಲ್ಲ. ಕೊಳವೆ ಬಾವಿಯ ಗಡಸು ನೀರು ನಳಿಕೆಗಳ ಒಳಮೈಯಲ್ಲಿ ಸುಣ್ಣದ ಪೊರೆ ಕಟ್ಟಿರಬಹುದು. ಅಥವಾ ಹೊರಗಿನ ಗಾಳಿಯೇ ಬಾರದಿರಬಹುದು.

ನಮ್ಮ ಬಸ್ಸಿನಲ್ಲಿ ದೊರೆತುದು 4 ಡಿಗ್ರಿ ಎಂದಿರಲಿ. ರೇಡಿಯೇಟರನ್ನು ಬಿಚ್ಚುವ ಮುನ್ನ ಬಸ್ಸಿನ ಮುಂದೆ ನಿಂತು ನೋಡಿದರೆ, ಗ್ರಂಥಾಲಯದ ಹೆಸರನ್ನು ಅಂದವಾಗಿ ಬರೆದ ಹಲಗೆಯೊಂದು ಗಾಳಿಯ ಜಾಲರಿಯ ಅರ್ಧವನ್ನು ಮುಚ್ಚಿದೆ! ಊರೊಳಗೆ ಹುಟ್ಟುವ ಅಲ್ಪ ಶಾಖಕ್ಕೆ ಉಳಿದರ್ಧ ಸಾಕಾಗಿತ್ತು. ಬೆಟ್ಟದ ಮೂವತ್ತು ಕಡ್ಡಿಗಳಿಗೆ ಸಾಲಲಿಲ್ಲ. ರೂಪ ಬದಲಿಸಿದ ವಾಹನಗಳಲ್ಲಿ ಇಂಥ ದೋಷಗಳು ಸಹಜ. ಬಡಗಿಗೆ ಹಲಗೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ.

ಒಂದು ತಪ್ಪು ಮದ್ದಿನ ವಿಷಯವನ್ನೂ ಹೇಳಬೇಕು. ಎಂಜಿನು ಕಾದೊಡನೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ರೂಢಿ ಕೆಲವೆಡೆ ಇದೆ. ಅನೇಕ ಎಂಜಿನುಗಳಲ್ಲಿ ಅದನ್ನು ತೆಗೆದರೆ, ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಎಂಜಿನಿಗೇ ಮರಳುತ್ತದೆ. ಅಲ್ಲದೆ ಎಂಜಿನು ತಕ್ಕ ಕಾವಿಗೆ ಬರಲು ತಡವಾಗಿ ಸವೆತ ಹೆಚ್ಚುತ್ತದೆ. ಜ್ವರವನ್ನು ಅಲಕ್ಷಿಸುವುದೂ ಅಷ್ಟೇ ಅಪಾಯಕರ. ಅಲ್ಯೂಮಿನಿಯಮ್ ಕಬ್ಬಿಣದ ಎರಡರಷ್ಟು ಹಿಗ್ಗುವುದರಿಂದ, ಅತಿಯಾಗಿ ಕಾದ ಅಲ್ಯೂಮಿನಿಯಮ್ ಪಿಸ್ಟನ್ನು ಕಬ್ಬಿಣದ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುವುದು. ಅಲ್ಲಿಗೆ ಬಸ್ಸಿನ ಎರಡನೆಯ ಜನ್ಮವೂ ಮುಗಿದಂತೆ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯೊಂದಿದೆ. ಮೈಸೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಿಂತ ಎರಡು ಮೂರು ಡಿಗ್ರಿ ಮುಂಚೆಯೇ ಕುದಿಯುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳವು ಪ್ರೆಷರ್ ಕುಕ್ಕರಿನಂತೆ ಒತ್ತಡವನ್ನು ಹೆಚ್ಚಿಸಿ, 100 ಡಿಗ್ರಿಯನ್ನು ದಾಟಿದರೂ ನೀರು ಕುದಿಯದಂತೆ ತಡೆಯುತ್ತದೆ. ಆಗ ಮುಚ್ಚಳ ತೆರೆದರೆ ಒತ್ತಡ ಥಟ್ಟನೆ ಇಳಿದು, ನೀರು ಆ ಕ್ಷಣವೇ ಹಬೆಯಾಗಿ ಮುಖಕ್ಕೆ ಎರಚುವುದು. ಇದರಿಂದ ದೃಷ್ಟಿಯನ್ನೇ ಕಳೆದುಕೊಳ್ಳುವ ಅಪಾಯವುಂಟು. ಬಸ್ಸನ್ನು ನಿಲ್ಲಿಸಿ, ಎಂಜಿನು ಪೂರ್ತಿ ತಣಿಯುವವರೆಗೆ ಕಾಯಬೇಕು. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದೆಂಬುದನ್ನೂ ಮರೆಯಬಾರದು.

ಹಲಗೆಯನ್ನು ಬಸ್ಸಿನ ನೆತ್ತಿಗೆ ಏರಿಸಿದರೆ ಹೆಸರೂ ಉಳಿಯಿತು, ಗಾಳಿಯೂ ಬಂದಿತು. ಇದಕ್ಕೆ ತಗಲಿದ ವೆಚ್ಚ ನಾಲ್ಕು ತಿರುಪುಮೊಳೆಗಳದು. ಮೊದಲೇ ಎಂಜಿನನ್ನು ಬಿಚ್ಚಿ ಹರಡಿದ್ದರೆ ಎಷ್ಟಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.