ಒಂಬತ್ತು ಸಾವಿರದ ಹಲ್ಲಿ

“ಇಷ್ಟ್ ರೊಕ್ಕಾ ಕೊಟ್ಟು ಹಲ್ಲಿ ತಂದೀಯೇನು? ಗ್ವಾಡಿ ಮ್ಯಾಲ ಪುಕ್ಕಟ ಓಡ್ಯಾಡ್ತಾವಲ್ಲೋ!”

ಗಾಡ್ಜಿಲ್ಲಾ ಫಿಗರ್ ಮನೆಗೆ ತಂದ ಬೆಳಗಾವಿ ಕಡೆಯ ಯಾರಿಗೂ ಇಂಥ ಮಾತು ತಪ್ಪಿದ್ದಲ್ಲ. ಅವ್ವನ ಪ್ರಶ್ನೆ ದಡ್ಡ ಪ್ರಶ್ನೆಯೂ ಅಲ್ಲ. ಗೇಣುದ್ದದ ಪ್ಲಾಸ್ಟಿಕ್ ಪ್ರಾಣಿಗೆ ಎಂಟು-ಒಂಬತ್ತು ಸಾವಿರ ಅಂದರೆ ಕೆಲಸಕ್ಕೆ ಸೇರಿ ಎರಡು ವರ್ಷ ಆದವರಿಗೆ ಅದು ಬೆಂಗಳೂರಿನ ಪಿಜಿಯ ಒಂದು ತಿಂಗಳ ಬಾಡಿಗೆ. ಕೊಳ್ಳಬೇಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಆದರೆ ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಲು ಬರಬೇಕು. ಖಡೇಬಜಾರದಲ್ಲಿ ಸೀರೆ ಆರಿಸುವಾಗ ಅವ್ವ ಸೆರಗು ತಿರುವಿ, ಅಂಚು ಎಳೆದು, ಬೆಳಕಿಗೆ ಹಿಡಿದು ನೋಡುತ್ತಾಳಲ್ಲ, ಅಷ್ಟಾದರೂ ನಾವು ನೋಡಬೇಡವೇ?

ಮೊದಲ ಪ್ರಶ್ನೆ: ಯಾವ ಸಿನಿಮಾದ್ದು?

ಗಾಡ್ಜಿಲ್ಲಾ ಒಂದೇ ಅಲ್ಲ. ಅಂಗಡಿಯವರು ಬರೀ ‘ಗಾಡ್ಜಿಲ್ಲಾ’ ಎಂದರೆ ಒಪ್ಪಬೇಡಿ, ಯಾವ ವರ್ಷದ ಸಿನಿಮಾದ್ದು ಎಂದು ಕೇಳಿ.

ಮೊದಲ ಸಿನಿಮಾ ಜಪಾನಿನಲ್ಲಿ ತೆರೆಕಂಡದ್ದು 1954ರ ನವೆಂಬರ್ 3ರಂದು. ನಿರ್ದೇಶಕ ಇಶಿರೊ ಹೊಂಡಾ, ತಂತ್ರದೃಶ್ಯ ಎಯ್ಜಿ ಸುಬುರಾಯಾ, ನಿರ್ಮಾಣ ತೊಹೊ ಸಂಸ್ಥೆಯದು. ಅದೇ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಅದರ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಬಿದ್ದು, ಅದರಲ್ಲಿದ್ದ 23 ಜನ ವಿಕಿರಣಕ್ಕೆ ಸಿಕ್ಕರು. ದೋಣಿಯ ರೇಡಿಯೋ ಆಪರೇಟರ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆ ಭಯದ ನಡುವೆ ಹುಟ್ಟಿದ ಪ್ರಾಣಿ ಇದು. ಮೈಮೇಲಿನ ಒರಟು ಗಂಟುಗಂಟು ಚರ್ಮ ಮೊಸಳೆ ಚರ್ಮವಲ್ಲ. ಬಾಂಬಿನಿಂದ ಸುಟ್ಟವರ ಮೈಮೇಲೆ ಉಳಿದ ಗಾಯದ ಕಲೆಗಳನ್ನು ಅದು ನೆನಪಿಸುತ್ತದೆ.

ಇದು ಗೊತ್ತಿದ್ದರೆ ಫಿಗರ್ ನೋಡುವ ಕಣ್ಣೇ ಬೇರೆಯಾಗುತ್ತದೆ. 1954ರ ಗಾಡ್ಜಿಲ್ಲಾದ ಚರ್ಮದಲ್ಲಿ ನೀಟಾದ ಸಾಲುಸಾಲು ಪೊರೆ ಕಂಡರೆ, ಶಿಲ್ಪಿ ಸಿನಿಮಾ ನೋಡಿಲ್ಲ ಅಂತಲೇ ಅರ್ಥ. ಇನ್ನೊಂದು ಗುರುತು ನಿಲುವು. ಆಗ ರಬ್ಬರಿನ ಭಾರವಾದ ವೇಷದೊಳಗೆ ಹರುವೊ ನಾಕಾಜಿಮಾ ಎಂಬ ನಟ ನಡೆದಾಡಿದ್ದರು. ಹಾಗಾಗಿ ಆ ಗಾಡ್ಜಿಲ್ಲಾದ ತೊಡೆ ದಪ್ಪ, ನಡು ನೇರ, ಬಾಲ ನೆಲಕ್ಕೆ. ಒಳಗೆ ಒಬ್ಬ ಮನುಷ್ಯ ಇದ್ದಾನೆ ಎಂಬ ಭಾರ ಫಿಗರಿನಲ್ಲೂ ಕಾಣಬೇಕು. ನಮ್ಮ ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ.

ಗೋಕಾಕ ಜಲಪಾತದಷ್ಟು, ಕೋಟೆ ಕೆರೆ ಧ್ವಜಸ್ತಂಭದಷ್ಟು

ಎತ್ತರದ ಲೆಕ್ಕವೂ ಸಿನಿಮಾದಿಂದ ಸಿನಿಮಾಕ್ಕೆ ಬದಲು. 1954ರ ಗಾಡ್ಜಿಲ್ಲಾ 50 ಮೀಟರ್, ಹೆಚ್ಚುಕಡಿಮೆ ನಮ್ಮ ಗೋಕಾಕ ಜಲಪಾತದಷ್ಟು. 2014ರ ಹಾಲಿವುಡ್ ಗಾಡ್ಜಿಲ್ಲಾ 108 ಮೀಟರ್. ಬೆಳಗಾವಿ ಕೋಟೆ ಕೆರೆಯ ಪಕ್ಕದ 110 ಮೀಟರಿನ ಧ್ವಜಸ್ತಂಭದ ಪಕ್ಕ ನಿಲ್ಲಿಸಿದರೆ ತುದಿ ಮುಟ್ಟಲು ಬರೀ 2 ಮೀಟರ್ ಕಡಿಮೆ. 2016ರ ‘ಶಿನ್ ಗಾಡ್ಜಿಲ್ಲಾ’ 118.5 ಮೀಟರ್, ಸ್ತಂಭವನ್ನೇ ಮೀರಿದ್ದು. 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಮತ್ತೆ 50.1 ಮೀಟರಿಗೆ ಇಳಿಯಿತು. ಅದೇ ಸಿನಿಮಾ 2024ರಲ್ಲಿ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಗೆದ್ದಿತು.

ಫಿಗರ್ ಕಂಪನಿಗಳು ಇವನ್ನೆಲ್ಲ ಬಹುತೇಕ ಒಂದೇ ಎತ್ತರಕ್ಕೆ, ಸುಮಾರು 15-18 ಸೆಂಟಿಮೀಟರಿಗೆ, ತಂದು ಕೂರಿಸುತ್ತವೆ. 16 ಸೆಂ.ಮೀ. ಫಿಗರ್ ‘ಮೈನಸ್ ಒನ್’ದಾದರೆ ಸುಮಾರು 313ರಲ್ಲಿ ಒಂದು ಪಾಲು, 2014ರದ್ದಾದರೆ 675ರಲ್ಲಿ ಒಂದು ಪಾಲು. ಕಪಾಟಿನಲ್ಲಿ ಪಕ್ಕಪಕ್ಕ ಇಟ್ಟರೆ ಅಳತೆ ಹೊಂದುವುದಿಲ್ಲ ಎಂದು ಆಮೇಲೆ ಬೇಜಾರಾಗಬೇಡಿ. ಒಂದೇ ಅಳತೆ ಬೇಕೋ, ಒಂದೇ ಎತ್ತರ ಬೇಕೋ, ಮೊದಲೇ ನಿರ್ಧರಿಸಿ.

ಅಚ್ಚಿನ ಗೆರೆ: ಖಾನಾಪುರದ ಕುಂಬಾರರ ಕಣ್ಣು

ಖಾನಾಪುರ ಎಂದರೆ ಮಣ್ಣು. ಹಂಚು, ಇಟ್ಟಿಗೆ, ಮಡಕೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಇಲ್ಲೇ. ಅಚ್ಚಿನ ಕೆಲಸ ಬಲ್ಲ ಯಾವ ಕುಂಬಾರರ ಕೈಗಾದರೂ ಒಂದು ಗಾಡ್ಜಿಲ್ಲಾ ಕೊಡಿ. ಅವರ ಹೆಬ್ಬೆರಳು ಮೊದಲು ಹೋಗುವುದು ಎರಡು ಅಚ್ಚು ಕೂಡುವ ಗೆರೆಗೆ.

ಪ್ಲಾಸ್ಟರ್ ಅಚ್ಚಿನಲ್ಲಿ ತೆಳು ಮಣ್ಣು ಹೊಯ್ದು ತೆಗೆದ ಮೇಲೆ ಪಾತ್ರೆಯ ಎರಡೂ ಬದಿ ಸಣ್ಣ ಏಣು ಉಳಿಯುತ್ತದೆ. ಅದನ್ನು ಚಾಕುವಿನಿಂದ ಕೆರೆದು, ಒದ್ದೆ ಸ್ಪಂಜಿನಿಂದ ಒರೆಸಿ ಅಳಿಸುತ್ತಾರೆ. ಗಣಪತಿ ಮೂರ್ತಿ ಮಾಡುವವರೂ ಅಷ್ಟೇ, ಕಿವಿಯ ಹಿಂದೆ, ತೋಳಿನ ಪಕ್ಕದಲ್ಲಿ ಗೆರೆ ಕಂಡರೆ ಆ ಮೂರ್ತಿಗೆ ಬಣ್ಣ ಹಚ್ಚುವುದಿಲ್ಲ. ಪ್ಲಾಸ್ಟಿಕ್ ಫಿಗರಿನಲ್ಲೂ ಇದೇ ನಿಯಮ. ಬಾಲದ ಎರಡೂ ಪಕ್ಕ, ಕಾಲಿನ ಒಳಬದಿ, ದವಡೆಯ ಕೆಳಗೆ ಬೆರಳಾಡಿಸಿ. ಒಳ್ಳೆಯ ತಯಾರಕರು ಗೆರೆಯನ್ನು ಚರ್ಮದ ಸುಕ್ಕಿನಲ್ಲಿ ಅಡಗಿಸುತ್ತಾರೆ. ಕಳಪೆ ಮಾಲಿನಲ್ಲಿ ಅದು ಬೆರಳಿಗೆ ಬ್ಲೇಡಿನಂತೆ ತಾಕುತ್ತದೆ.

ಆಮೇಲೆ ಚರ್ಮದ ಆಳ ನೋಡಿ. ನಕಲಿ ಮಾಡುವವರು ಸಾಮಾನ್ಯವಾಗಿ ಅಸಲಿ ಫಿಗರಿನಿಂದಲೇ ಅಚ್ಚು ತೆಗೆಯುತ್ತಾರೆ. ಅಚ್ಚಿನಿಂದ ತೆಗೆದ ವಸ್ತುವಿಗೆ ಮತ್ತೆ ಅಚ್ಚು ಹಾಕಿದರೆ ಸೂಕ್ಷ್ಮ ಗೆರೆ ತೇಲಿಹೋಗುತ್ತದೆ, ಅಳತೆಯೂ ಕೊಂಚ ಕುಗ್ಗುತ್ತದೆ. ಕುಂಬಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಣ್ಣ, ಕೀಲು, ನಿಲುವು

ಬಣ್ಣದಲ್ಲಿ ಮೂರೇ ಜಾಗ ನೋಡಿದರೆ ಸಾಕು: ಕಣ್ಣು, ಹಲ್ಲು, ಬೆನ್ನಿನ ಮುಳ್ಳುಹಲಗೆ. ಕಣ್ಣಿನ ಎರಡೂ ಗುಡ್ಡೆ ಒಂದೇ ದಿಕ್ಕಿಗೆ ನೋಡುತ್ತಿರಬೇಕು. ಹಲ್ಲಿನ ಬಿಳಿ ಒಸಡಿಗೆ ಹರಿದಿರಬಾರದು. ಮುಳ್ಳುಹಲಗೆಯ ತುದಿಯಿಂದ ಬುಡಕ್ಕೆ ಬಣ್ಣ ನಿಧಾನವಾಗಿ ಕಪ್ಪಾಗುತ್ತ ಹೋಗಬೇಕು. ನಡುವೆ ಗೆರೆ ಎಳೆದಂತೆ ನಿಂತಿದ್ದರೆ ಅದು ಆತುರದ ಕೆಲಸ.

ಕೀಲುಗಳನ್ನು ಅಲುಗಾಡಿಸುವ ಮುನ್ನ ತಾಳ್ಮೆ ಇರಲಿ. ಬೆಳಗಾವಿಯ ಡಿಸೆಂಬರ್ ಬೆಳಗಿನಲ್ಲಿ ನಮ್ಮ ಮೊಣಕಾಲೇ ಬಿಗಿದಿರುತ್ತದೆ, ಪಿವಿಸಿ ಬಿಗಿಯದೇ ಇರುತ್ತದೆಯೇ? ಬಿಗಿದ ಕೀಲನ್ನು ತಿರುಚಿದರೆ ಒಳಗಿನ ಗೂಟ ಮುರಿಯುತ್ತದೆ. ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ಅಥವಾ ಒಂದು ನಿಮಿಷ ಬಿಸಿನೀರು ಕೊಟ್ಟರೆ ಸಡಿಲಾಗುತ್ತದೆ. ಕುದಿಯುವ ನೀರು ಮಾತ್ರ ಬೇಡ.

ಕೊನೆಗೆ ಟೇಬಲ್ ಮೇಲೆ ನಿಲ್ಲಿಸಿ ನೋಡಿ. ಎರಡು ಪಾದ, ಒಂದು ಬಾಲ ಸೇರಿ ಮುಕ್ಕಾಲಿಯ ಹಾಗೆ ನಿಲ್ಲಬೇಕು. ಕಪಾಟಿನ ಬಾಗಿಲು ತೆಗೆದಾಗಲೆಲ್ಲ ಮುಗ್ಗರಿಸುವ ರಾಕ್ಷಸನಿಂದ ಯಾರಿಗೆ ಭಯ?

ಅಸಲಿಯೋ ನಕಲಿಯೋ?

ಬಂದಾಯ್ ಕಂಪನಿಯ ಎಸ್.ಎಚ್. ಮಾನ್‌ಸ್ಟರ್‌ಆರ್ಟ್ಸ್ ಸರಣಿ ಮತ್ತು ಅಮೆರಿಕದ ನೆಕಾ ಕಂಪನಿಯ ಫಿಗರ್‌ಗಳಿಗೆ ಬೇಡಿಕೆ ಹೆಚ್ಚು, ಹಾಗಾಗಿ ನಕಲೂ ಹೆಚ್ಚು. ಪೆಟ್ಟಿಗೆಯ ಮೇಲೆ ತೊಹೊ ಹೆಸರಿನ ಕಾಪಿರೈಟ್ ಸಾಲು ಇದೆಯೇ, ಅಕ್ಷರ ಮಸುಕಾಗಿದೆಯೇ, ಫೋಟೋದ ಬಣ್ಣ ಮಾಸಿದೆಯೇ ನೋಡಿ. ಕಂಪನಿಯ ಜಾಲತಾಣದ ಚಿತ್ರವನ್ನು ಮೊಬೈಲಿನಲ್ಲಿ ತೆರೆದು ಪಕ್ಕದಲ್ಲಿಟ್ಟು ಹೋಲಿಸಿ. ಪಾದದ ಅಡಿಯಲ್ಲೋ ಬಾಲದ ಕೆಳಗೋ ತಯಾರಕರ ಗುರುತು ಒತ್ತಿರುತ್ತದೆ, ಅದನ್ನೂ ಹುಡುಕಿ.

ಮೂಗನ್ನೂ ಬಳಸಿ. ಹೊಸ ಪ್ಲಾಸ್ಟಿಕ್ಕಿಗೆ ವಾಸನೆ ಸಹಜ. ಆದರೆ ಪೆಟ್ಟಿಗೆ ತೆಗೆದೊಡನೆ ತಲೆನೋವು ತರುವ ಘಾಟು ಬಂದರೆ, ಮೈ ಜಿಗಿಜಿಗಿ ಎನಿಸಿದರೆ ಹಿಂತಿರುಗಿಸಿ.

ಹಳೆಯದನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರು ಫೋಟೋ ನಂಬಿ ಮುಂಗಡ ಹಾಕಬೇಡಿ. ಆ ದಿನದ ತಾರೀಕು ಬರೆದ ಚೀಟಿ ಪಕ್ಕದಲ್ಲಿಟ್ಟು ವಿಡಿಯೋ ಕಳಿಸಲು ಹೇಳಿ. ಕಣಕಾಲಿನ ಕೀಲು, ಬಾಲದ ಪ್ರತಿ ಗೆಣ್ಣು, ಜೊತೆಗೆ ಬರುವ ಬಿಡಿಭಾಗಗಳು ಅದರಲ್ಲಿ ಕಾಣಲಿ. ಊರಿನವರೇ ಮಾರುತ್ತಿದ್ದರೆ ಹಗಲಲ್ಲಿ, ಜನ ಇರುವ ಜಾಗದಲ್ಲಿ ಭೇಟಿಯಾಗಿ, ವಸ್ತು ಕೈಗೆ ಬಂದ ಮೇಲೆ ಯುಪಿಐ ಮಾಡಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ

ಇದು ಎಲ್ಲಕ್ಕಿಂತ ಮುಖ್ಯ. ಕೂಡು ಕುಟುಂಬದ ಮನೆಯಲ್ಲಿ ಕಪಾಟು ನಿಮ್ಮದೊಬ್ಬರದೇ ಅಲ್ಲ. ಅಕ್ಕನ ಮೂರು ವರ್ಷದ ಮಗನಿಗೆ ಅದು ಬರೀ ಗೊಂಬೆ, ಗೊಂಬೆ ಎಂದರೆ ಬಾಯಿಗೇ.

ಇಂಥ ಫಿಗರ್‌ಗಳ ಪೆಟ್ಟಿಗೆಯ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುವುದು ಸುಮ್ಮನೆ ಅಲ್ಲ. ಮುಳ್ಳು ಚೂಪು, ಬಿಡಿಭಾಗ ಗಂಟಲಲ್ಲಿ ಸಿಕ್ಕುವಷ್ಟು ಸಣ್ಣದು. ಇನ್ನು ನಕಲಿಯ ಬಣ್ಣದಲ್ಲಿ ಸೀಸವಿದೆಯೋ, ಮೆದುಗೊಳಿಸಲು ಎಂಥ ರಾಸಾಯನಿಕ ಹಾಕಿದ್ದಾರೋ ಪರೀಕ್ಷಿಸಿದವರು ಯಾರೂ ಇಲ್ಲ. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಮಗುವಿಗೂ ಒಂದು ಗಾಡ್ಜಿಲ್ಲಾ ಬೇಕೇ ಬೇಕು ಎಂದು ಹಠವಿದ್ದರೆ ಆ ಗುರುತು ಇರುವ ಆಟಿಕೆಯನ್ನೇ ಬೇರೆ ಕೊಡಿಸಿ. ನಿಮ್ಮದು ಮೇಲಿನ ಕಪಾಟಿನಲ್ಲಿ, ಬೀಗದೊಳಗೆ ಇರಲಿ. ನಕಲಿಯಿಂದ ಹೋದ ರೊಕ್ಕ ಮತ್ತೆ ದುಡಿಯಬಹುದು, ಮಗುವಿನ ಹೊಟ್ಟೆ ಸೇರಿದ್ದನ್ನು ವಾಪಸ್ ತರಲಾಗದು.

ಬೆಲೆ ಎಲ್ಲಿಂದ ಬರುತ್ತದೆ?

ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಹಾಗಾಗಿ ಜಪಾನಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಖುಷಿಪಡಬೇಡಿ. ಸಾಗಣೆ, ಸುಂಕ, ತೆರಿಗೆ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟು ಎಂದು ಕೇಳಿ.

ಹಳೆಯ ಮಾಲಿನಲ್ಲಿ ಮೂರು ದರ್ಜೆ: ಸೀಲ್ ಒಡೆಯದ್ದು, ಬಿಚ್ಚಿದರೂ ಎಲ್ಲ ಬಿಡಿಭಾಗ ಇರುವುದು, ಬರೀ ಗೊಂಬೆ ಮಾತ್ರ. ಮೊದಲನೆಯದಕ್ಕೆ ಹೆಚ್ಚು ದರ. ಮೃದು ವಿನೈಲ್ ಗಾಡ್ಜಿಲ್ಲಾಗಳಿಗಾದರೆ ಜೊತೆಗೆ ಬಂದ ಕಾಗದದ ಟ್ಯಾಗ್ ಹರಿದರೂ ಬೆಲೆ ಇಳಿಯುತ್ತದೆ. ವಿದೇಶದಲ್ಲಿ ಫಿಗರ್‌ಗಳಿಗೆ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡುವ ಸಂಸ್ಥೆಗಳೂ ಇವೆ.

ಆದರೆ ‘ಇದು ಇನ್ವೆಸ್ಟ್‌ಮೆಂಟ್’ ಎಂದು ಮನೆಯವರಿಗೆ ಹೇಳಿ ಕೊಳ್ಳಬೇಡಿ. ಕಂಪನಿ ಅದೇ ಫಿಗರನ್ನು ಇನ್ನೊಮ್ಮೆ ಬಿಡುಗಡೆ ಮಾಡಿದ ದಿನ ಹಳೆಯದರ ದರ ಕುಸಿಯುತ್ತದೆ. ತುರ್ತಿಗೆ ಬಂಗಾರವನ್ನು ಅಡ ಇಡಬಹುದು, ಗಾಡ್ಜಿಲ್ಲಾವನ್ನು ಯಾವ ಬ್ಯಾಂಕೂ ಇಟ್ಟುಕೊಳ್ಳುವುದಿಲ್ಲ. ಇಎಂಐನಲ್ಲಿ ಕೊಳ್ಳಬೇಕಾದ ಫಿಗರ್ ಎಂದರೆ ಸದ್ಯಕ್ಕೆ ಕೊಳ್ಳಬಾರದ ಫಿಗರ್.

ಖಾನಾಪುರದ ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್ ತನಕ ಖಾನಾಪುರದಲ್ಲಿ ಹಾಸಿಗೆಯೇ ತೇವ. ಅಂಥ ಕಡೆ ರಟ್ಟಿನ ಪೆಟ್ಟಿಗೆಗೆ ಬೂಸು ಹಿಡಿಯಲು ಎಷ್ಟು ಹೊತ್ತು? ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲಕ್ಕಿಂತ ಎತ್ತರದಲ್ಲಿ ಇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಸೀರೆ ಟ್ರಂಕಿನ ಡಾಂಬರ್ ಗುಳಿಗೆ ಮಾತ್ರ ಹತ್ತಿರ ತರಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆದುಮಾಡಿ ಹಾಳುಗೆಡವುತ್ತದೆ. ಬೇಸಿಗೆಯಲ್ಲಿ ಕಿಟಕಿಯ ಬಿಸಿಲೂ ಬೇಡ, ಬಣ್ಣ ಮಾಸಿ ತಿಳಿಬಣ್ಣದ ಭಾಗ ಹಳದಿಯಾಗುತ್ತದೆ. ವರ್ಷಗಟ್ಟಲೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಪಿವಿಸಿ ಬೆವರಿ ಜಿಗುಟಾಗುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ.

ಗೊಂಬೆಯ ನಾಡಿನಲ್ಲೇ ಇದ್ದೇವೆ

ಗೋಕಾಕದ ಕಟ್ಟಿಗೆ ಗೊಂಬೆ, ಹಣ್ಣುಗಳು ನಮ್ಮ ಜಿಲ್ಲೆಯವೇ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಕಂಪನಿ ಆಟಿಕೆ ತಯಾರಿಕೆಗೂ ಇಳಿದಿದೆ. ಅದೇ ಕಂಪನಿಯ ಕೊಪ್ಪಳದ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಬಿತ್ತು. ಅಚ್ಚು, ಬಣ್ಣ, ಕೀಲು ಬಲ್ಲ ಕೈಗಳು ಇಲ್ಲಿ ಇವೆ. ಕೊಳ್ಳುವವರಿಗೆ ಒಳ್ಳೆಯದು ಯಾವುದು ಎಂದು ಗೊತ್ತಾದಂತೆ ಮಾಡುವವರ ಕೈಯೂ ಹದವಾಗುತ್ತದೆ. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹನ ಫಿಗರ್ ನಮ್ಮ ಕಡೆಯಿಂದ ಇದೇ ನಾಜೂಕಿನಲ್ಲಿ ಬಂದರೆ, ಜಪಾನಿನವರು ಕ್ಯೂ ನಿಂತಾರು!

ಅಲ್ಲಿಯ ತನಕ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಸಾಕು. ಯಾವ ಸಿನಿಮಾದ್ದು? ಅಸಲಿಯೇ? ಮನೆಯ ಮಗುವಿಗೆ ಅಪಾಯವಿಲ್ಲವೇ? ಮಾರದೆ ಹತ್ತು ವರ್ಷ ಇಟ್ಟುಕೊಂಡರೂ ಖುಷಿಯೇ? ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಧಾರಾಳವಾಗಿ ತನ್ನಿ. ಒಂದಕ್ಕೆ ತಡವರಿಸಿದರೂ ಮುಂದಿನ ಸಂಬಳದ ತನಕ ಕಾಯಿರಿ. ಗಾಡ್ಜಿಲ್ಲಾ ಎಲ್ಲಿಗೂ ಹೋಗುವುದಿಲ್ಲ, 1954ರಿಂದ ಮತ್ತೆ ಮತ್ತೆ ಎದ್ದು ಬರುತ್ತಲೇ ಇದೆ.

ನಿಮ್ಮ ಕಪಾಟಿನಲ್ಲಿ ಯಾವ ರಾಕ್ಷಸ ಇದ್ದಾನೆ? ಮನೆಯವರು ಏನಂದರು? ಓದುಗರ ಅಂಕಣಕ್ಕೆ ಬರೆದು ಕಳಿಸಿ.