ಪಿಂಚಣಿ ಹಿಂಬಾಕಿಯ ಮೇಲಿನ ಆದಾಯ ತೆರಿಗೆ

ಪಿಂಚಣಿ ಹಿಂಬಾಕಿ ಎಂದರೆ ಹಿಂದಿನ ಅವಧಿಗೆ ಸಲ್ಲಬೇಕಾಗಿದ್ದು, ತಡವಾಗಿ ಒಟ್ಟಾಗಿ ಪಾವತಿಯಾಗುವ ನಿವೃತ್ತಿ ವೇತನದ ಮೊತ್ತ. ಭಾರತದಲ್ಲಿ ಇಂತಹ ಮೊತ್ತಕ್ಕೆ ಸಾಮಾನ್ಯವಾಗಿ ಅದು ಕೈಸೇರಿದ ವರ್ಷದಲ್ಲಿ ಆದಾಯ ತೆರಿಗೆ ಅನ್ವಯಿಸುತ್ತದೆ. ಹಲವು ವರ್ಷಗಳ ಹಣ ಒಂದೇ ವರ್ಷದ ಆದಾಯಕ್ಕೆ ಸೇರುವುದರಿಂದ ಉಂಟಾಗುವ ಹೆಚ್ಚುವರಿ ಹೊರೆಯನ್ನು ನಿವಾರಿಸಲು 1961ರ ಆದಾಯ ತೆರಿಗೆ ಅಧಿನಿಯಮದ 89ನೆಯ ಕಲಂ ಪರಿಹಾರವನ್ನು ಒದಗಿಸಿದೆ. ಈ ಲೇಖನದ ಕಲಂ ಸಂಖ್ಯೆಗಳು ಆ ಅಧಿನಿಯಮಕ್ಕೆ ಸಂಬಂಧಿಸಿವೆ. ಅದರ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಅಧಿನಿಯಮವು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾಗಿದೆ.

ಹಿಂಬಾಕಿ ಉಂಟಾಗುವ ಸಂದರ್ಭಗಳು

ವೇತನ ಆಯೋಗದ ಶಿಫಾರಸುಗಳು ಪೂರ್ವಾನ್ವಯವಾಗಿ ಜಾರಿಯಾದಾಗ, ತುಟ್ಟಿ ಪರಿಹಾರದ ಕಂತು ತಡವಾಗಿ ಘೋಷಣೆಯಾದಾಗ, ಪಿಂಚಣಿ ನಿಗದಿಯಲ್ಲಿನ ತಪ್ಪು ಸರಿಪಡಿಸಲ್ಪಟ್ಟಾಗ ಅಥವಾ ನ್ಯಾಯಾಲಯದ ಆದೇಶವಾದಾಗ ಹಿಂಬಾಕಿ ಉಂಟಾಗುತ್ತದೆ. ಮಾಜಿ ಸೈನಿಕರ 'ಒಂದು ಶ್ರೇಣಿ ಒಂದು ಪಿಂಚಣಿ' ಯೋಜನೆಯ ಆದೇಶ 2015ರ ನವೆಂಬರ್‌ನಲ್ಲಿ ಹೊರಬಿದ್ದರೂ ಅದು 2014ರ ಜುಲೈ 1ರಿಂದಲೇ ಅನ್ವಯವಾಯಿತು.

ಪೂರ್ವಾನ್ವಯದ ಎಲ್ಲ ಪರಿಷ್ಕರಣೆಗಳೂ ಹಿಂಬಾಕಿಯನ್ನು ತರುವುದಿಲ್ಲ. ಕರ್ನಾಟಕದ 7ನೆಯ ರಾಜ್ಯ ವೇತನ ಆಯೋಗದ ಪರಿಷ್ಕರಣೆಯು 2022ರ ಜುಲೈ 1ರಿಂದ ಕಾಲ್ಪನಿಕವಾಗಿ ಅನ್ವಯವಾಗಿ, ಆರ್ಥಿಕ ಲಾಭವು 2024ರ ಆಗಸ್ಟ್ 1ರಿಂದ ಮಾತ್ರ ದೊರೆಯಿತು. ನಡುವಿನ ಅವಧಿಗೆ ಹಣ ಪಾವತಿಯಾಗದ ಕಾರಣ ಅಲ್ಲಿ ತೆರಿಗೆಯ ಪ್ರಶ್ನೆ ಉದ್ಭವಿಸುವುದಿಲ್ಲ.

ತೆರಿಗೆಯ ಸ್ವರೂಪ

ನಿವೃತ್ತ ನೌಕರನ ಪಿಂಚಣಿಯನ್ನು ಕಾನೂನು 'ವೇತನ'ದ ವ್ಯಾಖ್ಯೆಯಲ್ಲಿ ಸೇರಿಸಿದೆ. 15ನೆಯ ಕಲಮಿನ ಪ್ರಕಾರ, ಹಿಂದಿನ ವರ್ಷಗಳಲ್ಲಿ ತೆರಿಗೆಗೆ ಒಳಪಡದ ವೇತನ ಹಿಂಬಾಕಿಯು ಪಾವತಿಯಾದ ವರ್ಷದ ಆದಾಯವಾಗುತ್ತದೆ. ನೌಕರನ ಮರಣಾನಂತರ ಅವಲಂಬಿತರಿಗೆ ದೊರೆಯುವ ಕುಟುಂಬ ಪಿಂಚಣಿಯು 'ಇತರ ಮೂಲಗಳ ಆದಾಯ'ವೆಂದು ಪರಿಗಣಿತವಾಗುತ್ತದೆ. ಆದರೂ ಅದರ ಹಿಂಬಾಕಿಗೂ 89ನೆಯ ಕಲಮಿನ ಪರಿಹಾರ ಲಭ್ಯವಿದೆ.

ಪರಿಹಾರದ ಲೆಕ್ಕಾಚಾರ

ಲೆಕ್ಕದ ವಿಧಾನವನ್ನು 1962ರ ಆದಾಯ ತೆರಿಗೆ ನಿಯಮಗಳ 21ಎ ನಿಯಮವು ವಿವರಿಸುತ್ತದೆ.

1. ಹಣ ಕೈಸೇರಿದ ವರ್ಷದ ತೆರಿಗೆಯನ್ನು ಹಿಂಬಾಕಿ ಸೇರಿಸಿಯೂ ಸೇರಿಸದೆಯೂ ಲೆಕ್ಕಹಾಕಿ, ವ್ಯತ್ಯಾಸವನ್ನು ಕಂಡುಕೊಳ್ಳಬೇಕು.
2. ಹಿಂಬಾಕಿಯನ್ನು ಅದು ಸೇರಬೇಕಾಗಿದ್ದ ವರ್ಷಗಳಿಗೆ ಹಂಚಿ, ಆಯಾ ವರ್ಷದ ದರದಂತೆ ಇದೇ ಬಗೆಯ ವ್ಯತ್ಯಾಸಗಳನ್ನು ಕಂಡು ಕೂಡಿಸಬೇಕು.
3. ಮೊದಲನೆಯ ಮೊತ್ತವು ಎರಡನೆಯದಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟೇ ಪರಿಹಾರ. ಹೆಚ್ಚಾಗಿಲ್ಲದಿದ್ದರೆ ಪರಿಹಾರವಿಲ್ಲ.

ಉದಾಹರಣೆ

66 ವರ್ಷದ ನಿವೃತ್ತರೊಬ್ಬರು 2022–23ರಲ್ಲಿ ₹1,50,000 ಹಿಂಬಾಕಿ ಪಡೆದರೆಂದು ಭಾವಿಸಬಹುದು. ಇದು 2019–20, 2020–21 ಮತ್ತು 2021–22ಕ್ಕೆ ತಲಾ ₹50,000ದಂತೆ ಸೇರಿದ್ದು. ಅವರು ಎಲ್ಲ ವರ್ಷಗಳಲ್ಲೂ ಹಳೆಯ ತೆರಿಗೆ ಪದ್ಧತಿಯನ್ನೇ ಅನುಸರಿಸಿದ್ದಾರೆ.

ಹಿಂಬಾಕಿ ಬಿಟ್ಟು ಅವರ 2022–23ರ ತೆರಿಗೆಯೋಗ್ಯ ಆದಾಯ ₹4,80,000. ಆದಾಯ ₹5,00,000 ಮೀರದಿದ್ದರೆ 87ಎ ಕಲಮಿನ ರಿಯಾಯಿತಿ ದೊರೆಯುವುದರಿಂದ ತೆರಿಗೆ ಶೂನ್ಯ. ಹಿಂಬಾಕಿ ಸೇರಿದಾಗ ಆದಾಯ ₹6,30,000 ಆಗಿ ರಿಯಾಯಿತಿ ತಪ್ಪುತ್ತದೆ; ತೆರಿಗೆ ₹36,000, ಶೇ. 4ರ ಉಪಕರ ₹1,440, ಒಟ್ಟು ₹37,440.

ಹಿಂದಿನ ಮೂರು ವರ್ಷಗಳ ಆದಾಯ ಕ್ರಮವಾಗಿ ₹4,20,000, ₹4,35,000 ಮತ್ತು ₹4,50,000 ಆಗಿತ್ತು. ತಲಾ ₹50,000 ಸೇರಿಸಿದರೂ ಯಾವ ವರ್ಷವೂ ₹5,00,000 ದಾಟುವುದಿಲ್ಲ; ಹೆಚ್ಚುವರಿ ತೆರಿಗೆ ಶೂನ್ಯ. ಆದ್ದರಿಂದ ₹37,440 ಪೂರ್ತಿಯಾಗಿ ಪರಿಹಾರವಾಗಿ ದೊರೆಯುತ್ತದೆ. ಪರಿಹಾರ ಕೋರದಿದ್ದರೆ, ಸಕಾಲದಲ್ಲಿ ಪಾವತಿಯಾಗಿದ್ದರೆ ಬೀಳದಿದ್ದ ತೆರಿಗೆಗೆ ಹಿಂಬಾಕಿಯ ಸುಮಾರು ನಾಲ್ಕನೆಯ ಒಂದು ಭಾಗ ಹೋಗುತ್ತಿತ್ತು.

ಎಲ್ಲ ವರ್ಷಗಳಲ್ಲಿಯೂ ಒಂದೇ ದರದ ಹಂತದಲ್ಲಿರುವವರಿಗೆ ಪರಿಹಾರ ಅಲ್ಪವಾಗಿರಬಹುದು ಅಥವಾ ದೊರೆಯದಿರಬಹುದು.

ನಮೂನೆ 10ಇ

ಪರಿಹಾರ ಕೋರುವವರು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನಮೂನೆ 10ಇ ಸಲ್ಲಿಸಬೇಕು. ವಿವರಣಪತ್ರಕ್ಕೆ ಮುನ್ನವೇ ಇದನ್ನು ಸಲ್ಲಿಸುವುದು ಸೂಕ್ತ. ನಮೂನೆಯಿಲ್ಲದೆ ವಿವರಣಪತ್ರದಲ್ಲಿ ಪರಿಹಾರವನ್ನು ನಮೂದಿಸಿದರೆ ಇಲಾಖೆ ಅದನ್ನು ನಿರಾಕರಿಸಿ ಬಾಕಿ ತೆರಿಗೆ ಕೇಳಬಹುದು. ನಮೂನೆಯಲ್ಲಿ ಹಣ ಕೈಸೇರಿದ ವರ್ಷಕ್ಕೆ ಹೊಂದುವ ಕರನಿರ್ಧರಣಾ ವರ್ಷವನ್ನೇ ಆಯ್ಕೆ ಮಾಡಬೇಕು. ಮೇಲಿನ ಉದಾಹರಣೆಯಲ್ಲಿ ಅದು 2023–24. ಹಿಂದಿನ ವರ್ಷಗಳ ವಿವರಣಪತ್ರಗಳನ್ನು ತಿದ್ದುವ ಅಗತ್ಯವಿಲ್ಲ. ಆದರೆ ಆ ವರ್ಷಗಳ ಆದಾಯದ ಅಂಕಿಅಂಶ ಬೇಕಾಗುವುದರಿಂದ ಹಳೆಯ ವಿವರಣಪತ್ರಗಳನ್ನೂ ಪಿಂಚಣಿ ನೀಡುವ ಬ್ಯಾಂಕು ಅಥವಾ ಖಜಾನೆಯಿಂದ ಪಡೆದ ವರ್ಷವಾರು ಹಿಂಬಾಕಿ ಪಟ್ಟಿಯನ್ನೂ ಕಾಯ್ದಿರಿಸಿಕೊಳ್ಳಬೇಕಾಗುತ್ತದೆ.

ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಈ ಪರಿಹಾರ ಅನ್ವಯಿಸುತ್ತದೆ.

ಪರಿವರ್ತಿತ ಪಿಂಚಣಿ

ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಒಂದೇ ಬಾರಿಗೆ ಪಡೆಯುವ ಪರಿವರ್ತಿತ ಮೊತ್ತವು ಹಿಂಬಾಕಿಯಲ್ಲ. ಸರ್ಕಾರಿ ನೌಕರರಿಗೆ 10(10ಎ) ಕಲಮಿನಂತೆ ಅದು ಸಂಪೂರ್ಣ ತೆರಿಗೆಮುಕ್ತ. ಇತರ ನೌಕರರಿಗೆ ಗ್ರಾಚ್ಯುಟಿ ದೊರೆತಿದ್ದರೆ ಪೂರ್ಣ ಪರಿವರ್ತಿತ ಮೌಲ್ಯದ ಮೂರನೆಯ ಒಂದು ಭಾಗಕ್ಕೂ, ದೊರೆಯದಿದ್ದರೆ ಅರ್ಧಕ್ಕೂ ವಿನಾಯಿತಿ ಇದೆ.